ಆಟ-ಆರೋಗ್ಯ: ಕೈಗೆ ತಕ್ಕ ರ‍್ಯಾಕೆಟ್ಟು

ಸಾನಪಾಡಾದ ನಮ್ಮ ಮಿತ್ರರೊಬ್ಬರಿಗೆ ನಲವತ್ತು ದಾಟಿದ ಮೇಲೆ ಟೆನಿಸ್ಸಿನ ಹುಚ್ಚು ಮರುಕಳಿಸಿತು. 320 ಗ್ರಾಮಿನ ಹಳೆಯ ರ‍್ಯಾಕೆಟ್ಟು ಭಾರವೆಂದು 250 ಗ್ರಾಮಿನ ಹೊಸದೊಂದನ್ನು ಕೊಂಡು ತಂದರು; ಹಳೆಯದನ್ನು ಒಂಬತ್ತು ವರ್ಷದ ಮಗಳ ಕೈಗಿತ್ತರು. ಬೆಳೆಯುವ ಮಗು, ನಾಳೆಗೂ ಆದೀತು ಎಂಬ ಲೆಕ್ಕ. ಎರಡು ತಿಂಗಳೊಳಗೆ ಮಗಳಿಗೆ ಮಣಿಕಟ್ಟಿನ ನೋವು, ತಂದೆಗೆ ಮೊಣಕೈ ನೋವು! "ಮಗುವಿನದು ಭಾರದಿಂದ ಬಂತು, ಸರಿ. ಹಗುರಾದುದನ್ನು ಹಿಡಿದ ನನಗೇಕೆ ಬಂತು?" ಎಂದು ಅವರು ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಟೆನಿಸ್ ಚೆಂಡಿನ ತೂಕ ಸುಮಾರು 58 ಗ್ರಾಂ. ರಭಸದಿಂದ ಬರುವ ಅದರ ಪೆಟ್ಟನ್ನು ಯಾರಾದರೂ ತಾಳಲೇಬೇಕು. ರ‍್ಯಾಕೆಟ್ಟಿಗೆ ತಕ್ಕಷ್ಟು ತೂಕವಿದ್ದರೆ ಬಹುಪಾಲು ಪೆಟ್ಟನ್ನು ಅದೇ ತಾಳುತ್ತದೆ. ತೀರ ಹಗುರಾದರೆ ಅದುರಿ, ಅದಿರನ್ನು ಕೈಗೆ ದಾಟಿಸುತ್ತದೆ. ಹಗುರ ಕತ್ತಿಯಿಂದ ತೆಂಗಿನಕಾಯಿ ಒಡೆಯಹೋದವರ ಕೈ ಜುಮ್ಮೆನ್ನುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುವಿನ ಕಂಡರ ಮೊಣಕೈಯ ಹೊರಮಗ್ಗುಲಿನ ಎಲುಬಿಗೆ ಅಂಟಿಕೊಂಡಿದೆ. ಪದೇ ಪದೇ ಜಗ್ಗಿದರೆ ಅದು ಸವೆದು ನೋಯುತ್ತದೆ. ಇದೇ ಟೆನಿಸ್ ಮೊಣಕೈ. ಬಟ್ಟೆ ಹಿಂಡುವವರಿಗೂ ಇದು ಬರುವುದುಂಟು.

ಹಾಗೆಂದು ಭಾರವೇ ಕ್ಷೇಮವೆನ್ನುವಂತಿಲ್ಲ. 370-400 ಗ್ರಾಮಿನ ಮರದ ರ‍್ಯಾಕೆಟ್ಟುಗಳ ಕಾಲದಲ್ಲೂ ಈ ಬೇನೆ ಇತ್ತು. 1883ರಲ್ಲೇ ಇಂಗ್ಲೆಂಡಿನ ವೈದ್ಯರು ಇದಕ್ಕೆ ಟೆನಿಸ್ಸಿನ ಹೆಸರಿಟ್ಟರು. ಭಾರದ ಬ್ಯಾಟಿಗೆ ಹೆಸರಾದ ನಮ್ಮ ಮುಂಬಯಿಯ ಸಚಿನ್ ತೆಂಡುಲ್ಕರ್ 2004ರಲ್ಲಿ ಇದರಿಂದಲೇ ನರಳಿ, 2005ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು.

ಹಾಗಾದರೆ ಮಾಡಬೇಕಾದುದೇನು? ದಣಿಯದೆ ಬೀಸಬಲ್ಲಷ್ಟು ತೂಕವಿರಲಿ. ಅನೇಕ ವಯಸ್ಕರಿಗೆ 290-310 ಗ್ರಾಂ ಒಗ್ಗುತ್ತದೆ. ಆ ತೂಕ ತಲೆಗಿಂತ ಹಿಡಿಯ ಕಡೆಗೆ ಹೆಚ್ಚಿರಲಿ. ಚೌಕಟ್ಟು ತುಸು ಬಾಗುವಂಥದಾಗಿ, ತಂತಿಗಳ ಬಿಗಿ ಕಡಿಮೆಯಿರಲಿ. ಹೊಸ ರ‍್ಯಾಕೆಟ್ಟಿನಿಂದ ಮೊದಲ ದಿನವೇ ಎರಡು ಗಂಟೆ ಆಡುವುದು ಬೇಡ. ಮಕ್ಕಳಿಗೆ ದೊಡ್ಡವರ 27 ಅಂಗುಲದ ರ‍್ಯಾಕೆಟ್ಟು ಸಲ್ಲದು. ಒಂಬತ್ತು ವರ್ಷದವರಿಗೆ ಸಾಮಾನ್ಯವಾಗಿ 25 ಅಂಗುಲದ್ದು, ಜೊತೆಗೆ ಮಕ್ಕಳಿಗೆಂದೇ ಮಾಡಿದ ಮೆತ್ತನೆಯ ಚೆಂಡು. ಚಪ್ಪಲಿಯನ್ನು ನಾಳೆಯ ಕಾಲಿಗೆ ಕೊಂಡರೆ ಮಗು ಎಡವುತ್ತದೆ, ಅಲ್ಲವೆ?

ಎಲ್ಲಕ್ಕಿಂತ ಮೊದಲು ತೋಳು ಗಟ್ಟಿಯಾಗಬೇಕು. ಕೊಡಗಿನ ರೋಹನ್ ಬೋಪಣ್ಣ ಬಾಲ್ಯದಲ್ಲಿ ಸರ್ವಿಸಿಗೆ ಬಲ ಬರಲೆಂದು ಸೌದೆ ಸೀಳಿದರು, ಕಾಫಿ ತೋಟಗಳಲ್ಲಿ ಓಡಿದರು. 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು.

ನಮ್ಮ ಮಿತ್ರರು ಕೆಲವು ವಾರ ಕೈಗೆ ವಿಶ್ರಾಂತಿ ಕೊಟ್ಟು, ವೈದ್ಯರು ಹೇಳಿದ ವ್ಯಾಯಾಮ ಮಾಡಿ, ತಂತಿ ಸಡಿಲಿಸಿದ ಹಳೆಯ ರ‍್ಯಾಕೆಟ್ಟನ್ನೇ ಮರಳಿ ಹಿಡಿದಿದ್ದಾರೆ. ಮಗಳಿಗೆ ಅವಳ ಅಳತೆಯದು ಬಂದಿದೆ. ನೋವನ್ನು ಸಹಿಸಿ ಆಡುವುದು ಶೌರ್ಯವಲ್ಲ. ನೋವು ಎರಡು ವಾರಕ್ಕೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಮಕ್ಕಳದಾದರೆ ಅಷ್ಟು ದಿನವೂ ಕಾಯಬೇಡಿ.