ಲಾರಿ ಹತ್ತಿಸಿದರೆ ಪೇಟೆ ಸುರಕ್ಷಿತವಾದೀತೆ?

ನಮ್ಮ ಪೇಟೆಗಳಲ್ಲಿ ಆಗಾಗ ಒಂದು ಕೂಗು ಏಳುತ್ತದೆ. “ಬಸ್ ಸ್ಟ್ಯಾಂಡಿನಲ್ಲಿ ಹುಚ್ಚರ ಹಾವಳಿ ಹೆಚ್ಚಿದೆ, ಹೆಣ್ಣುಮಕ್ಕಳು ಓಡಾಡುವುದು ಹೇಗೆ, ಅಂಗಡಿ ನಡೆಸುವುದು ಹೇಗೆ, ಇವರನ್ನು ಹಿಡಿದು ಎಲ್ಲಿಗಾದರೂ ಕಳಿಸಿರಿ” ಎಂಬ ಕೂಗು. ಜಮಖಂಡಿಯಾಗಲಿ, ಮುಧೋಳವಾಗಲಿ, ರಬಕವಿ-ಬನಹಟ್ಟಿಯಾಗಲಿ, ಬೀಳಗಿಯಾಗಲಿ, ಈ ಕೂಗಿಗೆ ಹೊರತಾದ ಊರಿಲ್ಲ. ಕೂಗುವವರಲ್ಲಿ ದೊಡ್ಡ ಸಾಹುಕಾರರಷ್ಟೇ ಇಲ್ಲ. ನಸುಕಿನಲ್ಲಿ ಚಹಾದ ಗಾಡಿ ಹಚ್ಚುವವರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆಯುವ ಗಿರಣಿ ಕಾರ್ಮಿಕರಿದ್ದಾರೆ. ಆದುದರಿಂದ ಈ ಕೂಗನ್ನು ತಳ್ಳಿಹಾಕದೆ ಉತ್ತರ ಕೊಡಬೇಕಾಗಿದೆ.

ಈ ಕೂಗಿಗೆ ನಮ್ಮ ಸಮಾಜ ಕಂಡುಕೊಂಡಿರುವ ಉಪಾಯ ಯಾವುದು? ರಾತ್ರಿ ಹೊತ್ತು ಸರಕಿನ ಲಾರಿಯೊಂದನ್ನು ನಿಲ್ಲಿಸುವುದು. ಚಾಲಕನ ಕೈಯಲ್ಲಿ ನಾಲ್ಕು ಕಾಸು ಇಡುವುದು. ಆ ಮನುಷ್ಯನನ್ನು ಮೇಲೆ ಹತ್ತಿಸಿ ದೂರದ ಊರಿನಲ್ಲಿ ಇಳಿಸಲು ಹೇಳುವುದು. ಈ ಉಪಾಯ ಗೊತ್ತಿಲ್ಲದ ಪೇಟೆ ಯಾವುದಿದೆ? ಆದರೆ ಆ ದೂರದ ಊರಿನವರಿಗೂ ಇದು ಗೊತ್ತು. ಅವರೂ ತಮ್ಮ ಬೀದಿಯವನೊಬ್ಬನನ್ನು ನಮ್ಮ ಕಡೆ ಬರುವ ಲಾರಿಗೆ ಹತ್ತಿಸುತ್ತಾರೆ. ಊರಿಗೂ ಊರಿಗೂ ನಡೆಯುವ ಈ ಕೊಡುಕೊಳ್ಳುವ ವ್ಯಾಪಾರದಲ್ಲಿ ಯಾರ ಪೇಟೆಯೂ ಖಾಲಿಯಾಗಲಿಲ್ಲ. ಒಂದು ಜೀವ ಮಾತ್ರ ತನ್ನ ಮನೆಯಿಂದ ಇನ್ನಷ್ಟು ದೂರವಾಯಿತು. ತನ್ನ ಭಾಷೆ ಯಾರಿಗೂ ತಿಳಿಯದ ನಾಡಿನಲ್ಲಿ ಹೋಗಿ ಬಿತ್ತು.

ಅಪಾಯ ಯಾರಿಂದ, ಯಾರಿಗೆ?

ಮೊದಲು ಸುರಕ್ಷತೆಯ ಲೆಕ್ಕವನ್ನೇ ತೆಗೆಯೋಣ. 2018ರ ಫೆಬ್ರುವರಿಯಲ್ಲಿ ಕೇರಳದ ಅಟ್ಟಪ್ಪಾಡಿಯಲ್ಲಿ, ಮನೋರೋಗದಿಂದ ಮನೆ ಬಿಟ್ಟು ಕಾಡಿನಲ್ಲಿ ಅಲೆಯುತ್ತಿದ್ದ ಆದಿವಾಸಿ ತರುಣನೊಬ್ಬನನ್ನು ತಿನ್ನುವ ಪದಾರ್ಥ ಕದ್ದನೆಂದು ಹಿಡಿದು, ಕೈ ಕಟ್ಟಿ, ಹೊಡೆದು ಕೊಂದರು. ಅವನ ಪಕ್ಕದಲ್ಲಿ ನಿಂತು ಫೋಟೋ ಸಹ ತೆಗೆದುಕೊಂಡರು. 2023ರಲ್ಲಿ ನ್ಯಾಯಾಲಯ 14 ಮಂದಿಯನ್ನು ಅಪರಾಧಿಗಳೆಂದು ಸಾರಿತು. ಕೇರಳ ದೂರವಾಯಿತೆನ್ನುವಿರಾ? ಅದೇ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂಬ ಪುಕಾರಿನ ಮೇಲೆ ಕೊಂದರು. ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಅಂಥದೇ ಪುಕಾರಿಗೆ ಹೈದರಾಬಾದಿನಿಂದ ಬಂದ ಇನ್ನೊಬ್ಬ ತರುಣ ಬಲಿಯಾದ. ಈ ಇಬ್ಬರೂ ಪರಸ್ಥಳದವರು, ಅಷ್ಟೇ. ಬಾಯಿಬಿಟ್ಟು ತನ್ನ ಹೆಸರು, ಊರು ಹೇಳಬಲ್ಲವನಿಗೇ ಗುಂಪಿನ ಕೈಯಲ್ಲಿ ಈ ಗತಿಯಾದರೆ, ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಾರದವನ ಗತಿ ಏನು?

ಹೆಣ್ಣುಮಕ್ಕಳ ಸುರಕ್ಷತೆಯ ಮಾತು ಬಂತು. ಬೀದಿಯಲ್ಲಿ ಮೈಮೇಲೆ ಅರಿವಿಲ್ಲದೆ ಬಿದ್ದಿರುವ ಹೆಂಗಸು ಬಸುರಿಯಾದಳೆಂಬ ಸುದ್ದಿಯನ್ನು ನೀವು ಕೇಳಿಲ್ಲವೆ? ಆ ಕೃತ್ಯ ಮಾಡಿದವನು ಯಾವ ಹುಚ್ಚ? ಹಗಲು ಶುಭ್ರವಾದ ಅಂಗಿ ತೊಟ್ಟು ನಮ್ಮ ನಡುವೆಯೇ ತಿರುಗುವವನಲ್ಲವೆ? ಹೆಣ್ಣುಮಕ್ಕಳ ಸುರಕ್ಷತೆಗಾಗಿ ಅವಳನ್ನು ಊರಾಚೆ ಹಾಕಿರಿ ಎನ್ನುವವರು ಅವಳೂ ಹೆಣ್ಣುಮಗಳೆಂಬುದನ್ನು ಮರೆತಿದ್ದಾರೆ.

ಹಾಗೆಂದು ಅಪಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ತೀವ್ರ ಮನೋರೋಗಕ್ಕೆ ಚಿಕಿತ್ಸೆ ಇಲ್ಲದೆ ಹೋದರೆ ಇಲ್ಲದ ದನಿಗಳು ಕೇಳಿಸುತ್ತವೆ. ಎದುರಿಗೆ ಬಂದವರೆಲ್ಲ ವೈರಿಗಳಂತೆ ಕಾಣುತ್ತಾರೆ. ಅಂಥ ಹೊತ್ತಿನಲ್ಲಿ ಕೆಲವರು ಕಲ್ಲು ಎತ್ತುವುದುಂಟು. ಸೆರೆ ಸೇರಿದರೆ ಅದು ಇನ್ನೂ ಹೆಚ್ಚುವುದುಂಟು. ಕಲ್ಲು ತಾಗಿದವನಿಗೆ ನೋವಿದೆ, ಗಾಜು ಒಡೆದ ಅಂಗಡಿಕಾರನಿಗೆ ನಷ್ಟವಿದೆ. ಆದರೆ ಬಹುಪಾಲು ರೋಗಿಗಳು ಯಾರಿಗೂ ಕೇಡು ಮಾಡುವವರಲ್ಲ. ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಅವರ ಪಾಲಿಗೆ ಹೆಚ್ಚು. ಇದ್ದಷ್ಟು ಅಪಾಯವನ್ನು ಇಳಿಸುವ ಸಾಧನ ಲಾಠಿಯಲ್ಲ, ಲಾರಿಯಲ್ಲ, ಔಷಧಿ. ಔಷಧಿಯಿಲ್ಲದ ರೋಗಿಯನ್ನು ಲಾರಿ ಹತ್ತಿಸಿದವರು ಅಪಾಯವನ್ನು ಕಳೆಯಲಿಲ್ಲ. ಪಕ್ಕದ ಊರಿನ ಅಂಗಡಿಕಾರನ ತಲೆಗೆ ಕಟ್ಟಿದರು.

ಕಾಯದೆ ಹೇಳುವುದೇನು?

“ನಾವೇನು ಮಾಡಲು ಬರುತ್ತದೆ, ಕಾಯದೆ ಇಲ್ಲವಲ್ಲ” ಎನ್ನುವವರಿದ್ದಾರೆ. ಕಾಯದೆ ಇದೆ. ಬ್ರಿಟಿಷರ 1912ರ ಲೂನಸಿ ಕಾಯದೆಯು ಅಲೆಯುವ ಮನೋರೋಗಿಗಳನ್ನು ಹಿಡಿಯುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತ್ತು. 2017ರ ಮಾನಸಿಕ ಆರೋಗ್ಯ ಕಾಯದೆ, 2018ರ ಮೇ 29ರಿಂದ ಜಾರಿಯಲ್ಲಿರುವುದು, ಅವರನ್ನು ಕಾಪಾಡುವ ಕರ್ತವ್ಯವನ್ನು ಪೋಲೀಸರ ಮೇಲೆ ಹೊರಿಸಿದೆ. ಅದರ 100ನೆಯ ಕಲಮನ್ನು ಪ್ರತಿಯೊಬ್ಬ ಅಂಗಡಿಕಾರನೂ ಕಾರ್ಮಿಕನೂ ತಿಳಿದಿರಬೇಕು.

ತನ್ನನ್ನು ತಾನು ನೋಡಿಕೊಳ್ಳಲಾಗದ, ಇಲ್ಲವೆ ತನಗೋ ಇತರರಿಗೋ ಅಪಾಯವಾಗಬಹುದಾದ ಮನೋರೋಗಿ ತನ್ನ ಹದ್ದಿನಲ್ಲಿ ಅಲೆಯುತ್ತಿದ್ದರೆ, ಅವನನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣೆಯ ಅಧಿಕಾರಿಯ ಕರ್ತವ್ಯ. 24 ಗಂಟೆಗಳೊಳಗೆ ಸಮೀಪದ ಸರಕಾರಿ ಆಸ್ಪತ್ರೆಗೆ ಒಯ್ದು ವೈದ್ಯರಿಗೆ ತೋರಿಸಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಮನೆಯಿಲ್ಲದವನಾದರೆ ಕಾಣೆಯಾದವನೆಂದು ಎಫ್.ಐ.ಆರ್. ಬರೆದು ಅವನ ಮನೆಯವರನ್ನು ಹುಡುಕಬೇಕು. ಆಸ್ಪತ್ರೆಯಲ್ಲಿ ಇರಿಸುವಷ್ಟು ಕಾಯಿಲೆ ಇಲ್ಲವೆಂದು ವೈದ್ಯರು ಹೇಳಿದರೆ, ನಿರ್ಗತಿಕರಿಗಾಗಿ ಸರಕಾರ ನಡೆಸುವ ಆಶ್ರಯಕ್ಕೆ ಮುಟ್ಟಿಸಬೇಕು. ಇನ್ನು 18ನೆಯ ಕಲಮಿನಂತೆ, ಬಡವನಿಗೂ ನಿರ್ಗತಿಕನಿಗೂ, ಕಾರ್ಡು ಇರಲಿ ಇಲ್ಲದಿರಲಿ, ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಉಚಿತ. 95ನೆಯ ಕಲಮು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

ಕಾಗದದ ಮೇಲೆ ಎಷ್ಟು ಚೆಂದವಾದ ಕಾಯದೆ! ನಡೆಯುವುದಾದರೂ ಏನು? ಠಾಣೆಯವರು “ಆಸ್ಪತ್ರೆಯವರು ಇಟ್ಟುಕೊಳ್ಳುವುದಿಲ್ಲ” ಎನ್ನುತ್ತಾರೆ. ಆಸ್ಪತ್ರೆಯವರು “ಸಂಬಂಧಿಕರನ್ನು ಕರೆತನ್ನಿ, ಇಲ್ಲವೆ ಧಾರವಾಡಕ್ಕೆ ಒಯ್ಯಿರಿ” ಎನ್ನುತ್ತಾರೆ. ನಗರಸಭೆಯವರು “ಇದು ನಮಗೆ ಬರುವುದಿಲ್ಲ” ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ರೋಗಿಗಲ್ಲ, ಈ ಕಚೇರಿಗಳಿಗೆ ಒಪ್ಪುತ್ತದೆ. ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ. ಕೊನೆಗೆ ಉಳಿಯುವುದು ಅದೇ ಲಾರಿ.

ಬೀದಿಗೆ ಬಂದದ್ದು ಹೇಗೆ?

ಇವರು ಆಕಾಶದಿಂದ ಉದುರಿದವರಲ್ಲ. ಬನಹಟ್ಟಿಯ ಒಂದು ಮಗ್ಗದ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಇಪ್ಪತ್ತರ ಮಗ; ಈ ಕಾಯಿಲೆ ಹೆಚ್ಚಾಗಿ ಬರುವುದು ದುಡಿಯುವ ವಯಸ್ಸಿನಲ್ಲೇ. ಒಂದು ದಿನ ಮಗ್ಗಕ್ಕೆ ಕೂಡ್ರಲೊಲ್ಲ, ರಾತ್ರಿ ನಿದ್ದೆ ಮಾಡಲೊಲ್ಲ, ಯಾರೋ ಕರೆಯುತ್ತಾರೆ ಎನ್ನುತ್ತಾನೆ. ಮೊದಲು ದೆವ್ವವೆಂದು ತಾಯತ, ಆಮೇಲೆ ಗುಡಿ, ದರ್ಗಾ. ಕೊನೆಗೆ ಯಾರೋ ತಿಳಿದವರು ಧಾರವಾಡದ ದಾರಿ ತೋರಿಸುತ್ತಾರೆ. ಮುಧೋಳ, ಲೋಕಾಪುರ, ಯರಗಟ್ಟಿ ದಾಟಿ ಹೋಗಿಬರಬೇಕು. ಒಬ್ಬನೇ ಹೋಗಲಾರ, ಅಪ್ಪ ಜೊತೆಗಿರಬೇಕು. ಎರಡು ಆಳಿನ ಮಜೂರಿ ಹೋಯಿತು, ಬೀಮು ಹಾಗೆಯೇ ನಿಂತಿತು. ಗುಳಿಗೆಯಿಂದ ಮಗ ಸುಧಾರಿಸಿದ. ಆದರೆ ಮುಂದಿನ ತಿಂಗಳು ಬಸ್ಸಿನ ದುಡ್ಡಿಲ್ಲ. ಗುಳಿಗೆ ನಿಂತಿತು, ಕಾಯಿಲೆ ಮರುಕಳಿಸಿತು. ತಾಯಿ ಇರುವವರೆಗೆ ತುತ್ತು ಸಿಕ್ಕಿತು. ತಾಯಿ ಹೋದ ಮೇಲೆ ಒಂದು ದಿನ ಅವನೂ ಮನೆಯಿಂದ ಹೊರಬಿದ್ದ. ಇಂಥ ಮನೆ ನಿಮ್ಮ ಓಣಿಯಲ್ಲಿ ಒಂದೂ ಇಲ್ಲವೆ?

ಸಾಹುಕಾರರ ಮಗನಿಗೂ ಇದೇ ಕಾಯಿಲೆ ಬರುತ್ತದೆ. ಅವನಿಗೆ ಮಾಳಿಗೆಯ ಮೇಲೆ ಕೋಣೆಯಿದೆ, ದೊಡ್ಡ ಊರಿನ ಖಾಸಗಿ ವೈದ್ಯರಿದ್ದಾರೆ. ಅವನಿಗೆ ‘ತಬ್ಬೇತ್ ಸರಿಯಿಲ್ಲ’. ಬಡವನ ಮಗ ಮಾತ್ರ ‘ಹುಚ್ಚ’. ಕಾಯಿಲೆ ಒಂದೇ, ಒಬ್ಬನನ್ನು ಮನೆಯಲ್ಲಿ ಉಳಿಸಿದ್ದು ದುಡ್ಡು, ಇನ್ನೊಬ್ಬನನ್ನು ಬೀದಿಗೆ ಹಾಕಿದ್ದು ಅದರ ಅಭಾವ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ತೀವ್ರ ಮನೋರೋಗವುಳ್ಳ ನೂರು ಮಂದಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಧಾರವಾಡದ ಆಸ್ಪತ್ರೆ ಹುಟ್ಟಿದ್ದು ಮುಂಬಯಿ ಇಲಾಖೆಯ ಕಾಲದಲ್ಲಿ, 1845ರಲ್ಲಿ. ನೂರ ಎಂಬತ್ತು ವರ್ಷಗಳು ಕಳೆದರೂ ನಮ್ಮ ಕಡೆಯ ಬಡವನಿಗೆ ಮನೋರೋಗದ ಸರಕಾರಿ ಆಸ್ಪತ್ರೆ ಎಂದರೆ ಅದೇ ಧಾರವಾಡ.

ಕೂಡಿಹಾಕಿದರೆ ಮುಗಿಯಿತೆ?

“ಹಾಗಾದರೆ ದೊಡ್ಡದೊಂದು ಕಟ್ಟಡ ಕಟ್ಟಿಸಿ ಎಲ್ಲರನ್ನೂ ಕೂಡಿಹಾಕಲಿ” ಎನ್ನುವವರಿಗೆ ಎರಡು ಘಟನೆಗಳನ್ನು ನೆನಪಿಸುತ್ತೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಕಟ್ಟಿದ್ದವರು ಓಡಲಾರದೆ 28 ಮಂದಿ ಪ್ರಾಣ ಬಿಟ್ಟರು. ನಮ್ಮ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ, ಭಿಕ್ಷುಕರೆಂದು ಬೀದಿಯಿಂದ ಹಿಡಿದು ತಂದವರನ್ನು ತುಂಬಿದ್ದ ಸರಕಾರಿ ಜಾಗದಲ್ಲಿ, 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ಸತ್ತರು. ಬೀದಿ ಸ್ವಚ್ಛವಾಯಿತು, ಮನುಷ್ಯರು ಗೋಡೆಯ ಹಿಂದೆ ಸತ್ತರು.

ಇನ್ನೊಂದು ಕಡೆ, “ಅವರ ಪಾಡಿಗೆ ಅವರನ್ನು ಬಿಡಿರಿ, ಅದು ಅವರ ಸ್ವಾತಂತ್ರ್ಯ” ಎನ್ನುವ ನುಣುಪು ಮಾತಿನವರಿದ್ದಾರೆ. ಇದರ ಫಲವನ್ನು ಅಮೆರಿಕದಲ್ಲಿ ನೋಡಿರಿ. 1955ರಲ್ಲಿ ಅಲ್ಲಿನ ಸರಕಾರಿ ಮನೋರೋಗ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷ ರೋಗಿಗಳಿದ್ದರು. ಆ ಆಸ್ಪತ್ರೆಗಳನ್ನು ಖಾಲಿ ಮಾಡಿ ಊರೂರಿಗೆ ಚಿಕಿತ್ಸಾ ಕೇಂದ್ರ ತೆರೆಯುತ್ತೇವೆಂದು 1963ರಲ್ಲಿ ಕಾಯದೆ ಮಾಡಿದರು. ಖಾಲಿ ಮಾಡುವುದು ನಡೆಯಿತು. ಹೇಳಿದಷ್ಟು ಕೇಂದ್ರಗಳು ಏಳಲಿಲ್ಲ, ಬಡವನಿಗೆ ಮನೆಯೂ ಸಿಗಲಿಲ್ಲ. ಎಷ್ಟೋ ರೋಗಿಗಳು ಬೀದಿಗೆ ಬಂದರು, ಎಷ್ಟೋ ಮಂದಿ ಜೈಲು ಸೇರಿದರು. 2025ರ ಜುಲೈ 24ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆಜ್ಞೆಯು, ಬೀದಿಯ ಮನೋರೋಗಿಗಳನ್ನು ಒಪ್ಪಿಗೆಯಿಲ್ಲದೆಯೂ ಸಂಸ್ಥೆಗಳಿಗೆ ಸೇರಿಸುವ ದಾರಿಯನ್ನು ಸಲೀಸು ಮಾಡಬೇಕೆನ್ನುತ್ತದೆ. ಲೋಕದಲ್ಲೇ ಶ್ರೀಮಂತವಾದ ದೇಶ ಎಪ್ಪತ್ತು ವರ್ಷ ಸುತ್ತಿ ಮತ್ತೆ ಗೋಡೆಯ ಬಳಿಗೇ ಬಂದು ನಿಂತಿದೆ. ಗೋಡೆಗೂ ಬೀದಿಗೂ ನಡುವೆ ಮೂರನೆಯ ದಾರಿ ಇಲ್ಲವೆ?

ಇದೆ, ಅದನ್ನು ತೋರಿಸಿದ್ದು ನಮ್ಮ ಕನ್ನಡನಾಡೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಲಿಸಿಕೊಟ್ಟು, ಅಲ್ಲಿಯೇ ಔಷಧಿ ಸಿಗುವಂತೆ ಮಾಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮುಂದೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಚಿಕಿತ್ಸೆಯಿಲ್ಲದೆ ಉಳಿದಿದ್ದ ರೋಗಿಗಳನ್ನು ಊರೂರಿನಲ್ಲಿ ಹುಡುಕಿ, ಅಗ್ಗದ ಔಷಧಿಗಳಿಂದಲೇ ಅವರಲ್ಲಿ ಬಹಳ ಜನರನ್ನು ಸುಧಾರಿಸಿದರು. ಬೀದಿಗೆ ಬಿದ್ದವರನ್ನು ಎತ್ತುವ ದಾರಿಯನ್ನು ಪಕ್ಕದ ಮಹಾರಾಷ್ಟ್ರದ ಕರ್ಜತದಲ್ಲಿ ಡಾಕ್ಟರ್ ಭರತ್ ವಾಟವಾನಿ ತೋರಿಸಿದ್ದಾರೆ. ಬೀದಿಯ ರೋಗಿಗಳನ್ನು ತಂದು, ಔಷಧಿ ಕೊಟ್ಟು, ಹೆಸರು ಊರು ನೆನಪಾದ ಮೇಲೆ ಮನೆಗೆ ಮುಟ್ಟಿಸುವ ಅವರ ಕೆಲಸಕ್ಕೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದು ಸಂತೋಷ. ಆದರೆ ಸರಕಾರದ ಕರ್ತವ್ಯವನ್ನು ಪುಣ್ಯಾತ್ಮರ ಹೆಗಲಿಗೆ ಹಾಕಿ ಸರಕಾರ ಮಲಗಕೂಡದು.

ದುಡ್ಡು ಎಲ್ಲಿದೆ?

“ದುಡ್ಡು ಎಲ್ಲಿಂದ ತರುವುದು?” ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಅಂಗಡಿಯ ಕರದ ಚೀಟಿಯಲ್ಲಿದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯದೆಯ (1975) ಮೇರೆಗೆ ಮನೆ, ಅಂಗಡಿಗಳ ಆಸ್ತಿ ಕರದ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಸೆಸ್ ಎತ್ತುತ್ತಾರೆ. ಗಾಡಿಯ ಮುಂದೆ ಕೈಚಾಚಿದವನಿಗೆ ಒಂದು ರೂಪಾಯಿ ಕೊಡಲು ಹಿಂದುಮುಂದು ನೋಡುವ ನಾವು, ವರ್ಷವರ್ಷವೂ ಅವನ ಹೆಸರಿನಲ್ಲಿ ಕರ ಕಟ್ಟುತ್ತಿದ್ದೇವೆ. ಆ ಹಣದಲ್ಲಿ ನಮ್ಮ ತಾಲೂಕುಗಳಿಗೆ ಬಂದ ಪಾಲೆಷ್ಟು? ಕೇಳಿದವರು ಯಾರು?

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಪ್ರತಿಯೊಂದು ಠಾಣೆಯಲ್ಲಿ 100ನೆಯ ಕಲಮನ್ನು ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಬೇಕು, ಅದರಂತೆ ನಡೆಯಬೇಕು. ಎರಡು, ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂಡ್ರುವಂತೆ 2014ರಲ್ಲಿ ‘ಮನೋಚೈತನ್ಯ’ ಎಂದು ಸಾರಿದ ಯೋಜನೆಯು ನಮ್ಮ ನಾಲ್ಕೂ ತಾಲೂಕುಗಳಲ್ಲಿ ತಪ್ಪದೆ ನಡೆಯಬೇಕು. ಗುಳಿಗೆಯೂ ತಿಂಗಳ ಚುಚ್ಚುಮದ್ದೂ ಅಲ್ಲಿಯೇ ಸಿಗಬೇಕು. ಧಾರವಾಡದ ಬಸ್ಸಿನ ಖರ್ಚು ನೇಕಾರನ ಮಜೂರಿಯಿಂದ ಕಡಿಯಬಾರದು. ಮೂರು, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಆಶ್ರಯಮನೆ ಬೇಕು. ಬೀಗ ಹಾಕುವ ಮನೆಯಲ್ಲ, ಊಟ, ಸ್ನಾನ, ಔಷಧಿ ಸಿಗುವ ಮನೆ. ನಾಲ್ಕು, ಭಿಕ್ಷುಕರ ಸೆಸ್ಸಿನ ಲೆಕ್ಕವನ್ನು ನಗರಸಭೆಯವರು ಪ್ರತಿವರ್ಷ ಜನರ ಮುಂದಿಡಬೇಕು.

ಬಂಧುಗಳೆ, ಬೇಡಿಕೆ ಸರಕಾರಕ್ಕಷ್ಟೇ ಅಲ್ಲ. ಅಂಗಡಿಯ ಕಟ್ಟೆಯ ಮೇಲೆ ಮಲಗಿದವನ ಮೇಲೆ ನೀರು ಎರಚುವ ಕೈ ನಮ್ಮದೇ. ಹಿಂದಿನಿಂದ ಕಲ್ಲು ಒಗೆಯುವ ಹುಡುಗರು ನಮ್ಮವೇ. ನೋಡಿ ನಗುವ ಬಾಯಿ ನಮ್ಮದೇ. ನಾಳೆ ಅಂಥವನೊಬ್ಬ ಬಾಗಿಲ ಮುಂದೆ ಬಂದರೆ ನಾಲ್ಕು ಜನ ಸೇರಿ ಠಾಣೆಗೆ ಹೋಗಿರಿ, ಅರ್ಜಿ ಬರೆದುಕೊಡಿರಿ, ಪಾವತಿ ಪಡೆಯಿರಿ, 24 ಗಂಟೆಗಳ ಲೆಕ್ಕ ಕೇಳಿರಿ. ಮನೆಯಲ್ಲೇ ಕಾಯಿಲೆಯವರಿದ್ದರೆ ಮುಚ್ಚಿಡಬೇಡಿರಿ. 14416ಕ್ಕೆ ಫೋನು ಮಾಡಿದರೆ ಸರಕಾರದ ಟೆಲಿ ಮಾನಸ್‌ನವರು ಪುಕ್ಕಟೆಯಾಗಿ ಸಲಹೆ ಕೊಡುತ್ತಾರೆ.

ಮಗ್ಗ ನಿಂತ ಮನೆಯಿಂದ ಬಸ್ ಸ್ಟ್ಯಾಂಡಿನ ಮೂಲೆಗೆ ದಾರಿ ಬಹಳ ದೂರವಿಲ್ಲ. ಇಂದು ಲಾರಿಯ ಮೇಲೆ ಹತ್ತಿಸಿದವನ ಮುಖವನ್ನು ಒಮ್ಮೆ ನೋಡಿರಿ. ಅವನೂ ಯಾವುದೋ ಊರಿನ ದುಡಿಯುವ ಮನೆಯ ಮಗ.