ಲೆಕ್ಕದ ಪುಸ್ತಕ ಕಲಿಸುವ ಮನೋಧರ್ಮ

ಇಂದಿನ ಸ್ಪರ್ಧಾತ್ಮಕ ಯುಗದಲ್ಲಿ ‘ಸಕಾರಾತ್ಮಕ ಮನೋಭಾವ’ ಎಂಬ ಮಾತನ್ನು ಕೇಳದ ವರ್ತಕನಿಲ್ಲ. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ, ವಾರ್ಷಿಕ ಸಮಾವೇಶಗಳಲ್ಲಿ, ಪುಸ್ತಕ ಮಳಿಗೆಗಳಲ್ಲಿ ಈ ಉಪದೇಶಕ್ಕೆ ಬರವಿಲ್ಲ. ಉಪನ್ಯಾಸ ಕೇಳುವಾಗ ಚಪ್ಪಾಳೆ ತಟ್ಟುತ್ತೇವೆ. ಮರುದಿನ ಅಂಗಡಿಯ ಬಾಗಿಲು ತೆರೆದಾಗ ಅದೇ ಬಾಕಿ, ಅದೇ ದಾಸ್ತಾನು, ಅದೇ ಚಿಂತೆ ಎದುರಾಗುತ್ತವೆ. ಉಪದೇಶ ಸುಳ್ಳೆಂದು ಇದರ ಅರ್ಥವಲ್ಲ. ಆತ್ಮಾವಲೋಕನದ ಬಲವಿಲ್ಲದ ಆಶಾವಾದ ಬಹುಕಾಲ ಬಾಳುವುದಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ.

ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಬೇಕಾದ ಮನೋಧರ್ಮವನ್ನು ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ. ಅದು ನಾವು ದಿನನಿತ್ಯ ಬರೆಯುವ ಲೆಕ್ಕದ ಪುಸ್ತಕದಲ್ಲಿಯೇ ಅಡಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ವಿವರಿಸುವ ಲೂಕಾ ಪಾಚೊಲಿಯ ಗ್ರಂಥ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ವರ್ತಕನು ಮೊಟ್ಟಮೊದಲು ತನ್ನಲ್ಲಿರುವುದೆಲ್ಲದರ ಮತ್ತು ತಾನು ಕೊಡಬೇಕಾದುದೆಲ್ಲದರ ಸಂಪೂರ್ಣ ಪಟ್ಟಿ ಮಾಡಿಕೊಳ್ಳಬೇಕು ಎಂಬುದು ಅದರಲ್ಲಿನ ಆರಂಭದ ಸೂಚನೆ. ಆತ್ಮಜ್ಞಾನದ ಮೊದಲ ಮೆಟ್ಟಿಲೂ ಇದೇ ಅಲ್ಲವೇ? ಲೆಕ್ಕಶಾಸ್ತ್ರದ ಮೂರು ಮೂಲತತ್ತ್ವಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಸಂಸ್ಥೆ ಮುಂದುವರಿಯುತ್ತದೆ ಎಂಬ ನಂಬಿಕೆ

ವ್ಯವಹಾರ ನಾಳೆಯೂ ನಡೆಯುತ್ತದೆ ಎಂಬ ಆಧಾರದ ಮೇಲೆಯೇ ಲೆಕ್ಕಪತ್ರ ಸಿದ್ಧವಾಗುತ್ತದೆ. ಈ ವರ್ಷ ಕೊಂಡ ಯಂತ್ರದ ಬೆಲೆಯನ್ನು ಈ ವರ್ಷವೇ ಪೂರ್ತಿಯಾಗಿ ಖರ್ಚು ಬರೆಯದೆ, ಅದರ ಆಯುಷ್ಯದುದ್ದಕ್ಕೂ ಸವಕಳಿಯಾಗಿ ಹಂಚುವುದು ಇದೇ ಕಾರಣದಿಂದ. ಅಂದರೆ ಭರವಸೆ ಎಂಬುದು ನಮ್ಮ ವೃತ್ತಿಯಲ್ಲಿ ಭಾವುಕತೆಯಲ್ಲ, ಲೆಕ್ಕದ ತಳಹದಿ. ಆದರೆ ಈ ತಳಹದಿಯೂ ಪ್ರಶ್ನಾತೀತವಲ್ಲ. ಸಂಸ್ಥೆ ಮುಂದುವರಿಯಬಲ್ಲುದೇ ಎಂಬುದನ್ನು ಲೆಕ್ಕಪರಿಶೋಧಕರು ವರ್ಷ ವರ್ಷವೂ ಪರೀಕ್ಷಿಸಬೇಕಾಗುತ್ತದೆ. ಭರವಸೆಗೂ ಪರೀಕ್ಷೆ ಇರಬೇಕೆಂಬ ಪಾಠ ಇಲ್ಲಿದೆ.

ನಮ್ಮ ನಾಡಿನವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಬದುಕು ಇದಕ್ಕೆ ಉತ್ತಮ ನಿದರ್ಶನ. 1869ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ ಅನಂತರ ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಅಂಜುತ್ತಿದ್ದ ಕಾಲವದು. ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ನೆಲೆ ಕಂಡುಕೊಂಡ ಕಾರ್ಖಾನೆಯ ಜಾಗವನ್ನು ಊರಿನ ವಿಸ್ತರಣೆಗಾಗಿ ತೆರವು ಮಾಡಬೇಕಾಯಿತು. ಔಂಧ್ ಸಂಸ್ಥಾನದ ಅರಸರು ನೀಡಿದ ಬರಡು ಭೂಮಿಯಲ್ಲಿ 1910ರಲ್ಲಿ ಅವರು ಕಟ್ಟಿದ ಊರೇ ಕಿರ್ಲೋಸ್ಕರವಾಡಿ. ಗಿರಾಕಿಯ ಅಂಜಿಕೆಯನ್ನು ಕಂಡೂ ಕೆಲಸ ಬಿಡದವರ, ಕಾಲ ಕೆಳಗಿನ ನೆಲವೇ ಹೋದಾಗ ಹೊಸ ನೆಲ ಹುಡುಕಿದವರ ಆಶಾವಾದ ಇದು. ಕಣ್ಣು ಮುಚ್ಚಿಕೊಂಡು ‘ಎಲ್ಲವೂ ಒಳ್ಳೆಯದಾಗುತ್ತದೆ’ ಎಂದು ಹೇಳಿಕೊಳ್ಳುವವರಿಂದ ಇಂತಹ ಕಾರ್ಯ ಸಾಧ್ಯವಿಲ್ಲ.

ಬರಲಿರುವ ನಷ್ಟಕ್ಕೆ ಮೊದಲೇ ಅವಕಾಶ

ಎರಡನೆಯದು ವಿವೇಕದ ತತ್ತ್ವ. ಕೈಸೇರದ ಲಾಭವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸಂಭವನೀಯ ನಷ್ಟಕ್ಕೆ ಮುಂಚಿತವಾಗಿಯೇ ಅವಕಾಶ ಕಲ್ಪಿಸಬೇಕು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನಿನ ಮೌಲ್ಯವನ್ನು ತಗುಲಿದ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ದೊರೆಯುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕು.

ನಿಯಮ ಸರಳ, ಮನಸ್ಸು ಮಾತ್ರ ಅದಕ್ಕೆ ಒಪ್ಪುವುದಿಲ್ಲ. ಮೂರು ವರ್ಷದಿಂದ ಕಪಾಟಿನಲ್ಲಿ ಕುಳಿತ ಸರಕನ್ನು ‘ಒಂದಲ್ಲ ಒಂದು ದಿನ ಹೋಗುತ್ತದೆ’ ಎಂದು ಕಾಯುತ್ತೇವೆ. ಷೇರು ಹೂಡಿಕೆದಾರರು ಲಾಭದಲ್ಲಿರುವುದನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ಹಿಡಿದು ಕೂರುತ್ತಾರೆ ಎಂಬುದನ್ನು ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1985ರಲ್ಲಿಯೇ ವಿವರಿಸಿದರು. ಗಳಿಕೆಯ ಸುಖಕ್ಕಿಂತ ಅಷ್ಟೇ ಮೊತ್ತದ ನಷ್ಟದ ನೋವು ಮನುಷ್ಯನಿಗೆ ಹೆಚ್ಚು ಎಂಬುದನ್ನು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ತಮ್ಮ ಸಹೋದ್ಯೋಗಿ ಟ್ವರ್ಸ್ಕಿಯವರೊಡನೆ ತೋರಿಸಿಕೊಟ್ಟಿದ್ದರು. ಹೀಗಾಗಿ ನಾವು ಭರವಸೆ ಎಂದುಕೊಂಡದ್ದು ಎಷ್ಟೋ ಸಲ ನೋವನ್ನು ಮುಂದೂಡುವ ಉಪಾಯವಷ್ಟೇ ಆಗಿರುತ್ತದೆ. ಇದನ್ನು ತನ್ನಲ್ಲಿಯೇ ಗುರುತಿಸಿಕೊಳ್ಳುವುದು ಆತ್ಮಾವಲೋಕನ.

ಬಾಕಿ ವಸೂಲಾತಿಯ ವಿಷಯವೂ ಹೀಗೆಯೇ. ದೊಡ್ಡ ಗಿರಾಕಿಯ ಮನಸ್ಸು ನೋಯಬಾರದೆಂದು ‘ಕೊಟ್ಟೇ ಕೊಡುತ್ತಾರೆ ಬಿಡಿ’ ಎಂದು ಸುಮ್ಮನಿರುವ ಸಣ್ಣ ತಯಾರಕರು ನಮ್ಮಲ್ಲಿ ಅನೇಕರಿದ್ದಾರೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣವನ್ನು ಖರೀದಿದಾರರು ಒಪ್ಪಂದದ ಅವಧಿಯೊಳಗೆ ಪಾವತಿಸಬೇಕು. ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಕಾನೂನು ಹಕ್ಕು ಕೊಟ್ಟಿದ್ದರೂ ಕೇಳಲು ನಾಲಿಗೆ ಏಳದಿದ್ದರೆ ಅದು ಸಹನೆಯೋ ಭಯವೋ ಎಂಬುದನ್ನು ಪ್ರತಿಯೊಬ್ಬರೂ ತಮಗೆ ತಾವೇ ಕೇಳಿಕೊಳ್ಳಬೇಕು. ಭಯವೆಂದು ಗೊತ್ತಾದರೆ ಅದಕ್ಕೆ ಪರಿಹಾರವೂ ಉಂಟು: ಒಬ್ಬನೇ ಗಿರಾಕಿಯ ಮೇಲಿನ ಅವಲಂಬನೆಯನ್ನು ತಗ್ಗಿಸಿಕೊಳ್ಳುವುದು.

ವ್ಯಾಪಾರ ಬೇರೆ, ವ್ಯಾಪಾರಿ ಬೇರೆ

ಮೂರನೆಯ ತತ್ತ್ವವೇ ಎಲ್ಲಕ್ಕಿಂತ ಮುಖ್ಯವಾದುದೆಂದು ನಾನು ಭಾವಿಸುತ್ತೇನೆ. ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ವ್ಯವಹಾರ ಮತ್ತು ಮಾಲೀಕ ಎರಡು ಪ್ರತ್ಯೇಕ ವ್ಯಕ್ತಿತ್ವಗಳು. ಮಾಲೀಕನು ಹೂಡಿದ ಬಂಡವಾಳವನ್ನು ಸಂಸ್ಥೆ ಅವನಿಗೆ ಕೊಡಬೇಕಾದ ಬಾಬತ್ತೆಂದೇ ಬರೆಯುತ್ತದೆ. ಸ್ವಂತ ಮಾಲೀಕತ್ವದಲ್ಲಿ ಸಾಲದ ಹೊಣೆ ಮಾಲೀಕನದೇ ಎಂಬುದು ಕಾನೂನಿನ ಮಾತು. ಆದರೆ ಪುಸ್ತಕದಲ್ಲಿ ಇಬ್ಬರೂ ಒಂದೇ ಅಲ್ಲ. ವ್ಯವಹಾರಕ್ಕೆ ನಷ್ಟವಾದ ಮಾತ್ರಕ್ಕೆ ಮನುಷ್ಯನ ಬೆಲೆ ಇಳಿಯುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಆಶಾವಾದಿಗೂ ನಿರಾಶಾವಾದಿಗೂ ಇರುವ ವ್ಯತ್ಯಾಸವನ್ನು ಅವರು ಸೋಲನ್ನು ವಿವರಿಸಿಕೊಳ್ಳುವ ಬಗೆಯಲ್ಲಿ ಗುರುತಿಸಿದ್ದಾರೆ. ನಿರಾಶಾವಾದಿಗೆ ಸೋಲು ಶಾಶ್ವತ, ಸರ್ವವ್ಯಾಪಿ, ಪೂರ್ತಿಯಾಗಿ ತನ್ನದೇ ದೋಷ. ‘ಈ ಹಂಗಾಮಿನಲ್ಲಿ ಈ ಮಾಲು ಹೋಗಲಿಲ್ಲ’ ಎಂಬುದು ಒಂದು ವಿವರಣೆ. ‘ನನ್ನ ಹಣೆಬರಹವೇ ಇಷ್ಟು’ ಎಂಬುದು ಮತ್ತೊಂದು. ಮೊದಲನೆಯದರಲ್ಲಿ ತಿದ್ದಿಕೊಳ್ಳಲು ಏನೋ ಇದೆ. ಎರಡನೆಯದರಲ್ಲಿ ಏನೂ ಇಲ್ಲ.

ತನ್ನನ್ನು ಹಳಿದುಕೊಳ್ಳದೆ ತಪ್ಪನ್ನು ಹುಡುಕುವ ಈ ಕಲೆಯನ್ನು ಕಾರ್ಖಾನೆಯ ಶಿಸ್ತಾಗಿ ಮಾಡಿದವರು ಜಪಾನಿನ ಟೊಯೋಟಾ ಸಂಸ್ಥೆಯವರು. ಕಿರ್ಲೋಸ್ಕರ್ ಸಮೂಹದ ಸಹಭಾಗಿತ್ವದಲ್ಲಿ 1997ರಲ್ಲಿ ಸ್ಥಾಪನೆಯಾಗಿ ಬಿಡದಿಯಲ್ಲಿ ನೆಲೆಸಿದ ಕಂಪನಿಯಿಂದಾಗಿ ಈ ಪದ್ಧತಿ ನಮ್ಮ ಬಿಡಿಭಾಗ ತಯಾರಕರಿಗೂ ಪರಿಚಿತವಾಗಿದೆ. ದೋಷ ಕಂಡ ಯಾವ ಕಾರ್ಮಿಕನೇ ಆಗಲಿ ಹಗ್ಗ ಎಳೆದು ಸಂಕೇತ ಕೊಡಬಹುದು. ದೋಷ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಆ ಪದ್ಧತಿಯ ಶಿಲ್ಪಿ ತೈಚಿ ಓನೋ ಕಲಿಸಿದ್ದು ‘ಏಕೆ’ ಎಂದು ಐದು ಬಾರಿ ಕೇಳುವುದನ್ನು. ಯಂತ್ರ ಏಕೆ ನಿಂತಿತು? ಫ್ಯೂಸ್ ಹೋಯಿತು. ಏಕೆ? ಬೇರಿಂಗ್‌ಗೆ ಎಣ್ಣೆ ಸಾಲದೆ ಭಾರ ಹೆಚ್ಚಿತು. ಏಕೆ? ಎಣ್ಣೆಯ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಏಕೆ? ಅದರ ದಂಡ ಸವೆದಿತ್ತು. ಅದೇಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಸೇರಿತ್ತು. ಫ್ಯೂಸ್ ಬದಲಿಸಿ ಕೈತೊಳೆದುಕೊಂಡಿದ್ದರೆ ಯಂತ್ರ ಕೆಲವು ತಿಂಗಳಲ್ಲಿ ಮತ್ತೆ ನಿಲ್ಲುತ್ತಿತ್ತು. ಇಲ್ಲಿ ‘ಯಾರು’ ಎಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲ ಎಂಬುದು ಗಮನಾರ್ಹ. ‘ಯಾರು’ ಎಂದು ಕೇಳುವ ಮಾಲೀಕನ ಬಳಿ ಕೆಟ್ಟ ಸುದ್ದಿ ತಡವಾಗಿ ಬರುತ್ತದೆ. ‘ಏಕೆ’ ಎಂದು ಕೇಳುವವನ ಬಳಿ ಬೇಗ ಬರುತ್ತದೆ.

ಆಚರಣೆಗೆ ತರುವ ಬಗೆ

ಈ ತತ್ತ್ವಗಳನ್ನು ಅನುಸರಿಸಲು ದೊಡ್ಡ ವೆಚ್ಚವೇನೂ ಇಲ್ಲ. ತಿಂಗಳ ಕೊನೆಯ ದಿನ ಅರ್ಧ ಗಂಟೆ ಮೀಸಲಿಟ್ಟು ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಬಹುದು: ನಾನು ಏನನ್ನು ನಿರೀಕ್ಷಿಸಿದ್ದೆ, ಏನಾಯಿತು, ಅದರಲ್ಲಿ ನನ್ನ ಪಾಲೆಷ್ಟು. ದೊಡ್ಡ ಖರೀದಿಗೆ ಅಥವಾ ಸಾಲಕ್ಕೆ ಸಹಿ ಹಾಕುವ ಮೊದಲು ಅದರ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಡಬಹುದು. ವರ್ಷದ ನಂತರ ಓದಿದಾಗ ನಮ್ಮ ಬುದ್ಧಿ ಎಲ್ಲಿ ನೆಟ್ಟಗಿತ್ತು, ಎಲ್ಲಿ ಪಕ್ಕದ ಅಂಗಡಿಯವರ ಮೇಲಿನ ಪೈಪೋಟಿ ನಮ್ಮ ಕೈ ಹಿಡಿದು ಬರೆಸಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆಯುಳ್ಳ ವರ್ತಕನಿಗೆ ಮನೆಯಲ್ಲೂ ನಿದ್ದೆಯಿಲ್ಲ. ಸಾಲದ ಭಾರವನ್ನು ಹೆಂಡತಿ ಮಕ್ಕಳಿಗೂ ಹೇಳದೆ, ಪೇಟೆಯಲ್ಲಿ ಪತ್ತು ಹೋಗುವುದೆಂದು ಸ್ನೇಹಿತರಿಗೂ ತಿಳಿಸದೆ, ನಗುಮುಖ ಹೊತ್ತು ತಿರುಗುವವರು ನಮ್ಮ ನಡುವೆಯೇ ಇದ್ದಾರೆ. ಅಂತಹವರಿಗೆ ‘ಧೈರ್ಯವಾಗಿರಿ’ ಎಂಬ ಉಪದೇಶ ಮತ್ತೊಂದು ಹೊರೆಯಾಗುತ್ತದೆ. ಅವರಿಗೆ ಬೇಕಾದುದು ಪುಸ್ತಕವನ್ನು ನಿರ್ಭಯವಾಗಿ ಬಿಚ್ಚಿಡಬಲ್ಲ ಜಾಗ. ಮನಸ್ಸು ತೀರಾ ಕುಗ್ಗಿದಾಗ ವೈದ್ಯರ ನೆರವು ಪಡೆಯುವುದರಲ್ಲಿ ಸಂಕೋಚ ಸಲ್ಲದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಪ್ರತಿಯೊಂದು ಕಚೇರಿಯ ಗೋಡೆಯ ಮೇಲೆ ಇರತಕ್ಕದ್ದು.

ಈ ಹಿನ್ನೆಲೆಯಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ನನ್ನದೊಂದು ಸಲಹೆ. ವರ್ಷಕ್ಕೊಮ್ಮೆ ಖ್ಯಾತ ಭಾಷಣಕಾರರನ್ನು ಕರೆಸುವ ಖರ್ಚಿನ ಒಂದಂಶದಲ್ಲಿ, ಒಂದೇ ಬಗೆಯ ವ್ಯಾಪಾರದಲ್ಲಿ ಪೈಪೋಟಿಯಿಲ್ಲದ ಆರೇಳು ಸದಸ್ಯರ ಸಣ್ಣ ಬಳಗಗಳನ್ನು ರಚಿಸಬಹುದು. ಅವರು ತಿಂಗಳಿಗೊಮ್ಮೆ ಸೇರಿ ತಮ್ಮ ತಮ್ಮ ವ್ಯವಹಾರದ ನಿಜಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಚರ್ಚಿಸಲಿ. ಆಡಿದ ಮಾತು ಹೊರಹೋಗದಂತೆ ಕಟ್ಟುಪಾಡಿರಲಿ. ಅನುಭವಿ ಹಿರಿಯರೊಬ್ಬರೂ ಲೆಕ್ಕಪರಿಶೋಧಕರೊಬ್ಬರೂ ಮಾರ್ಗದರ್ಶನಕ್ಕಿದ್ದರೆ ಸಾಕು. ತನ್ನ ಕಣ್ಣಿಗೆ ಬೀಳದ ದೋಷ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ತಾನು ಮರೆತ ಸಾಮರ್ಥ್ಯವನ್ನೂ ಅವರೇ ನೆನಪಿಸುತ್ತಾರೆ.

ದೀಪಾವಳಿಯಂದು ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಪದ್ಧತಿ ನಮ್ಮ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಲೆಕ್ಕ ಈಗ ಗಣಕಯಂತ್ರಕ್ಕೆ ಹೋಗಿರಬಹುದು, ಪೂಜೆ ಉಳಿದಿದೆ. ಆ ಪುಸ್ತಕದಲ್ಲಿ ಲಾಭವನ್ನಷ್ಟೇ ಅಲ್ಲದೆ ನಷ್ಟವನ್ನೂ ಅಂಜದೆ ಓದುವ ಅಭ್ಯಾಸವನ್ನು ನಮ್ಮ ವರ್ತಕ ಬಂಧುಗಳು ಬೆಳೆಸಿಕೊಂಡರೆ, ಸಕಾರಾತ್ಮಕ ಮನೋಭಾವವನ್ನು ಬೇರೆಡೆ ಹುಡುಕಬೇಕಾದ ಪ್ರಮೇಯವೇ ಬರಲಾರದು.