ಕೇಸ್ ಶೀಟಿನಲ್ಲಿ ತೂಕವನ್ನೂ ಬರೆಯಿರಿ

ಕೋಲಾರದ ಎಪಿಎಂಸಿಗೆ ಲೋಡುಗಟ್ಟಲೆ ಟೊಮೆಟೊ ಬರುತ್ತದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಳಗಾದರೆ ಡೇರಿ ಮುಂದೆ ಹಾಲಿನ ಕ್ಯಾನುಗಳ ಸಾಲು. ಇಂಥ ಸೀಮೆಯ ಆಸ್ಪತ್ರೆಗೆ ಸೇರಿದ ರೋಗಿ ಹೊಟ್ಟೆಗಿಲ್ಲದೆ ಸೊರಗಿದರೆ ನಾವು ಹೇಗೆ ಸುಮ್ಮನಿರುವುದು?

ಯಾವುದಾದರೂ ವಾರ್ಡಿಗೆ ಮಧ್ಯಾಹ್ನ ಹೋಗಿ ನಿಂತು ನೋಡಿ. ಸೊಂಟ ಮುರಿದು ಮಲಗಿದ ಅಜ್ಜಿಯ ಪಕ್ಕ ಊಟದ ತಟ್ಟೆ ಇಟ್ಟು ಹೋಗುತ್ತಾರೆ. ಕೈಗೆ ಎಟುಕದು, ಎಟುಕಿದರೂ ಅಗಿಯಲು ಹಲ್ಲಿಲ್ಲ. ಕೂಲಿ ತಪ್ಪೀತೆಂದು ಮಗ ಊರಿಗೆ ಹೋಗಿದ್ದಾನೆ. ಸ್ವಲ್ಪ ಹೊತ್ತಿಗೆ ತಟ್ಟೆ ಹಾಗೇ ವಾಪಸು. ಬಿಪಿ, ಜ್ವರ, ಶುಗರ್ ಎಲ್ಲ ಬರೆದಿದೆ. ತಿನ್ನದೆ ಉಳಿದ ಅನ್ನಕ್ಕೆ ಮಾತ್ರ ಕಾಲಮ್ಮಿಲ್ಲ.

ಮಿಕ್ಕದ್ದನ್ನು ನಮ್ಮ ಪಥ್ಯ ಮುಗಿಸುತ್ತದೆ. ಮೊಟ್ಟೆ ಕೊಡಬೇಡಿ, ಬೇಳೆ ಬೇಡ, ನಂಜಾಗುತ್ತೆ, ಗಂಜಿ, ಬ್ರೆಡ್ಡು ಸಾಕು ಎನ್ನುತ್ತೇವೆ. ಅಮ್ಮಂದಿರೇ, ಗಾಯ ಕೂಡಬೇಕಾದರೆ ಬೇಕಿರುವುದೇ ಆ ಮೊಟ್ಟೆ, ಆ ಬೇಳೆ. ಪ್ರೋಟೀನು ಸಿಗದ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಕೊನೆಗೆ ಕೆಮ್ಮಿ ಕಫ ತೆಗೆಯುವ ಕಸುವೂ ಉಳಿಯದೆ ನ್ಯುಮೋನಿಯಾ ಹಿಡಿಯುತ್ತದೆ. ಡಾಕ್ಟರು ಹೇಳಿದ ಪಥ್ಯ ಮಾಡಿ, ಬೀದಿಯವರು ಹೇಳಿದ್ದನ್ನು ಬಿಡಿ.

ಅನ್ನವೂ ಔಷಧವೆಂಬುದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. ಮಂಗಳೂರಿನ ವೈದ್ಯ ದಂಪತಿ ಅನುರಾಗ್ ಮತ್ತು ಮಾಧವಿ ಭಾರ್ಗವ ಜಾರ್ಖಂಡದಲ್ಲಿ ಕ್ಷಯ ರೋಗಿಗಳಿಗೂ ಅವರ ಮನೆಯವರಿಗೂ ತಿಂಗಳ ರೇಷನ್ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು: ಮನೆಯವರಲ್ಲಿ ಹೊಸದಾಗಿ ಕ್ಷಯ ತಗಲುವುದು 39% ಇಳಿದಿತ್ತು. ಮೊದಲ ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಕ್ಷಯ ರೋಗಿಗೆ ಸರ್ಕಾರ ಈಗ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ. ನಿಮ್ಮ ಬೀದಿಯವರಿಗೆ ಅದು ತಲುಪಿದೆಯೇ? ವಿಚಾರಿಸಿ.

ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಅಂಗನವಾಡಿಯಲ್ಲೇ ಗುರುತಿಸುತ್ತಾರೆ, ಅಂಥ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಜ್ಜಿಯ ತೋಳನ್ನು ಅಳೆಯುವವರು ಯಾರು?

ಸರ್ಕಾರಿಯಾಗಲಿ ಖಾಸಗಿಯಾಗಲಿ, ದಾಖಲಾದ ದಿನವೇ ತೂಕ ನೋಡಿ, ವಾರಕ್ಕೊಮ್ಮೆ ಮತ್ತೆ ನೋಡಿ. ಏಳಲಾರದವರ ತೋಳಿಗೆ ಟೇಪು ಹಿಡಿಯಿರಿ. ಆಪರೇಷನ್ ಮುಂದಕ್ಕೆ ಹೋದರೆ ರೋಗಿಯನ್ನು ಸಂಜೆಯವರೆಗೆ ಉಪವಾಸ ಕೆಡವಬೇಡಿ. ಒಬ್ಬಂಟಿ ರೋಗಿಗೆ ತುತ್ತು ಕೊಡಲು ಒಂದು ಕೈ ಗೊತ್ತುಮಾಡಿ. ಮತ್ತೆ ಡಾಕ್ಟರೇ, ನಾಳೆ ರೌಂಡ್ಸಿಗೆ ಬಂದಾಗ ನೋವು ಹೇಗಿದೆ ಎಂದು ಕೇಳುವಾಗಲೇ ನಿನ್ನೆ ಎಷ್ಟು ಉಂಡಿರಿ ಎಂದೂ ಕೇಳಿ, ಅವರು ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಿರಿ.